26.3-9-74-10: ಅಂಕಿಗಳ ಸಾಲೊಂದು ವಾಕ್ಯವಾಗುವ ಬಗೆ

1999ರ ಫೆಬ್ರುವರಿ 7. ಅಂದಿನ ಸ್ಕೋರ್‌ಕಾರ್ಡಿನಲ್ಲಿ ಅನಿಲ್ ಕುಂಬ್ಳೆ ಹೆಸರಿನ ಮುಂದೆ ಇರುವುದು ಇಷ್ಟೇ: 26.3-9-74-10. ಕ್ರಿಕೆಟ್ ಬಲ್ಲವರಿಗೆ ಅಷ್ಟು ಸಾಕು, ಈಗಲೂ ಮೈ ಜುಮ್ಮೆನ್ನುತ್ತದೆ. ಅರಿಯದವರಿಗೆ ಯಾರಾದರೂ ಬಿಡಿಸಿ ಹೇಳಬೇಕು: 26 ಓವರ್ ಮತ್ತು ಮೂರು ಎಸೆತ, ಅದರಲ್ಲಿ ರನ್ನೇ ಕೊಡದ ಓವರ್ ಒಂಬತ್ತು, ಕೊಟ್ಟ ರನ್ 74, ವಿಕೆಟ್ ಹತ್ತು. ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು ಕುಂಬ್ಳೆ ಒಬ್ಬರೇ ಉರುಳಿಸಿದರು. 420 ರನ್ ಬೆನ್ನಟ್ಟಿದ ತಂಡ 207ಕ್ಕೆ ಮುಗಿಯಿತು. ಭಾರತ 212 ರನ್‌ಗಳಿಂದ ಗೆದ್ದಿತು.

ಪಟ್ಟಿಯನ್ನು ಓದಿ ಹೀಗೆ ವಾಕ್ಯ ಬರೆಯುವುದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಹೊಸದೇನೂ ಅಲ್ಲ. 1990ರ ದಶಕದಲ್ಲೇ ಕೆನಡಾದ ಹವಾಮಾನ ಇಲಾಖೆಯಲ್ಲಿ ಅಂಕಿಅಂಶಗಳಿಂದ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಮುನ್ಸೂಚನೆ ಬರೆಯುವ ವ್ಯವಸ್ಥೆ ಇತ್ತು. ಆಮೇಲೆ ಸ್ಕಾಟ್ಲೆಂಡಿನ ಅಬರ್‌ಡೀನ್ ವಿಶ್ವವಿದ್ಯಾಲಯದವರು ಸಮುದ್ರದ ನಡುವಿನ ತೈಲ ಬಾವಿಗಳಿಗಾಗಿ ಗಾಳಿಯ ಮುನ್ಸೂಚನೆ ಬರೆಯುವ ‘ಸಮ್‌ಟೈಮ್’ ರೂಪಿಸಿದರು. ಅದಕ್ಕಾಗಿ ಹವಾಮಾನ ತಜ್ಞರ ಬರಹಗಳನ್ನು ಅಂಕಿಗಳ ಜೊತೆ ತಾಳೆ ನೋಡಿದಾಗ, ‘ಸಂಜೆಯ ಹೊತ್ತಿಗೆ’ ಎಂದು ಬರೆದವರಲ್ಲಿ ಕೆಲವರ ಮನಸ್ಸಿನಲ್ಲಿ ಇದ್ದದ್ದು ಆರು ಗಂಟೆ, ಮತ್ತೆ ಕೆಲವರ ಮನಸ್ಸಿನಲ್ಲಿ ನಡುರಾತ್ರಿ! ಯಂತ್ರ ಒಂದು ಪದವನ್ನು ಸದಾ ಒಂದೇ ಅರ್ಥದಲ್ಲಿ ಬಳಸುತ್ತಿತ್ತು. ಓದುಗರು ಅದರ ಪದಗಳನ್ನೇ ಮೆಚ್ಚಿಕೊಂಡರು ಎಂದು 2005ರ ಅವರ ಪ್ರಬಂಧ ಹೇಳುತ್ತದೆ.

ಇವೆಲ್ಲ ಮನುಷ್ಯರು ಕೂತು ಬರೆದ ನಿಯಮಗಳಿಂದ ನಡೆದಂಥವು. ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ನ್ಯೂರಲ್ ಭಾಷಾ ಮಾದರಿಗೆ ಯಾರೂ ನಿಯಮ ಹೇಳಿಕೊಡುವುದಿಲ್ಲ. ಸಾವಿರಾರು ಪಟ್ಟಿಗಳನ್ನೂ, ಅವುಗಳ ಬಗ್ಗೆ ಜನ ಬರೆದ ವರದಿಗಳನ್ನೂ ಜೋಡಿ ಜೋಡಿಯಾಗಿ ಅದರ ಮುಂದಿಡುತ್ತಾರೆ. ಅದು ಒಂದೊಂದೇ ಪದ ಬರೆಯುತ್ತಾ ಹೋಗುತ್ತದೆ. ಪ್ರತಿ ಪದಕ್ಕೂ ಮೊದಲು ಪಟ್ಟಿಯ ಯಾವ ಮನೆಯತ್ತ ಎಷ್ಟು ಗಮನ ಕೊಡಬೇಕೆಂದು ಲೆಕ್ಕ ಹಾಕುತ್ತದೆ. ಹೆಸರು ಅಥವಾ ಅಂಕಿ ಬೇಕಾದಾಗ ತನ್ನ ಪದಕೋಶದಿಂದ ಊಹಿಸುವ ಬದಲು ನೇರ ಪಟ್ಟಿಯಿಂದಲೇ ಎತ್ತಿಕೊಳ್ಳುವ ನಕಲು ವಿಧಾನವನ್ನೂ ಸೇರಿಸಿದರು.

ಇಷ್ಟಾದರೆ ಸಾಕೇ? 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನಿಟ್ಟುಕೊಂಡು ಪರೀಕ್ಷಿಸಿದರು. ‘ರೋಟೋವೈರ್’ ಎಂಬ ಆ ಸಂಗ್ರಹದಲ್ಲಿ 4,853 ಪಂದ್ಯವರದಿಗಳಿವೆ; ಒಂದೊಂದು ಪಂದ್ಯದ ಪಟ್ಟಿಯಲ್ಲೂ ಸರಾಸರಿ 600ಕ್ಕೂ ಹೆಚ್ಚು ನಮೂದುಗಳು. ಮಾದರಿ ಬರೆದ ಭಾಷೆ ನಯವಾಗಿತ್ತು, ಪತ್ರಕರ್ತರದ್ದೇ ಎನ್ನುವಂತಿತ್ತು. ಅದರ ಹೇಳಿಕೆಗಳನ್ನು ಪಟ್ಟಿಗೆ ಹಿಡಿದು ನೋಡಿದರೆ ಸುಮಾರು ಕಾಲು ಭಾಗ ತಪ್ಪು. ಖಾಲಿ ಜಾಗ ತುಂಬುವ ಹಳೆಯ ಅಚ್ಚುವಾಕ್ಯಗಳು ನೀರಸವಾಗಿದ್ದರೂ ಹೆಚ್ಚುಕಡಿಮೆ ಒಂದೂ ಸುಳ್ಳು ಹೇಳಲಿಲ್ಲ.

ತಪ್ಪು ಎಲ್ಲಿಂದ ಬಂತು? ನನಗೆ ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಕೋಟ್ಲಾ ಪಂದ್ಯವನ್ನು ಬಲ್ಲ ಯಾರೇ ಬರೆಯಲಿ, ಒಂಬತ್ತು ವಿಕೆಟ್ ಬಿದ್ದ ಮೇಲೆ ಹತ್ತನೆಯದೂ ಕುಂಬ್ಳೆಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಚೆಂಡೆಸೆದದ್ದನ್ನು ಬರೆಯದೆ ಬಿಡುವುದಿಲ್ಲ. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಇದೇ ಸಾಧನೆ ಮಾಡಿದ್ದರೆಂದೂ ಬರೆಯುತ್ತಾರೆ. ಎರಡೂ ನಿಜ. ಆದರೆ ಆ ಪಂದ್ಯದ ಸ್ಕೋರ್‌ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರೂ ಗೆಳೆಯನಿಗಾಗಿ ಶ್ರೀನಾಥ್ ತೋರಿದ ಆ ಸಂಯಮ ಅಲ್ಲಿಲ್ಲ. ಇಂಥ ಜೋಡಿಗಳನ್ನೇ ಸಾವಿರಗಟ್ಟಲೆ ಓದಿದ ಯಂತ್ರ ಏನು ಕಲಿಯುತ್ತದೆ? ಪಟ್ಟಿಯಲ್ಲಿ ಇಲ್ಲದ್ದನ್ನೂ ಬರೆಯಬಹುದು ಎಂಬುದನ್ನು. ಕಂಡದ್ದನ್ನು, ಕೇಳಿದ್ದನ್ನು, ನೆನಪನ್ನು ಬೆರೆಸಿ ಬರೆಯುವುದು ನಮ್ಮ ರೂಢಿ. ಯಂತ್ರ ಆ ರೂಢಿಯನ್ನು ಕಲಿತುಕೊಂಡಿತು. ಹಾಗೆ ಬರೆಯುವ ಹಕ್ಕು ನಮಗೆ ಕೊಟ್ಟ ಅನುಭವ ಮಾತ್ರ ಅದಕ್ಕಿಲ್ಲ.

ಅಳತೆಗೋಲೂ ದಾರಿ ತಪ್ಪಿಸುತ್ತಿತ್ತು. ಯಂತ್ರದ ವಾಕ್ಯ ಮನುಷ್ಯನ ವರದಿಗೆ ಎಷ್ಟು ಹೋಲುತ್ತದೆ ಎಂದಷ್ಟೇ ಅಳೆದರೆ ಸುಳ್ಳಿಗೂ ಅಂಕ ಸಿಗುತ್ತದೆ. 2019ರಲ್ಲಿ ಬಂದ ‘ಪೇರೆಂಟ್’ ಎಂಬ ಅಳತೆ ವಾಕ್ಯವನ್ನು ಮೂಲ ಪಟ್ಟಿಯೊಂದಿಗೂ ಹೋಲಿಸಿತು. ಅದೇ ವರ್ಷ ಎಡಿನ್‌ಬರೊದಲ್ಲಿ, ಯಾವ ಸಂಗತಿಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂದು ಯಂತ್ರವೇ ಮೊದಲು ಗೊತ್ತುಮಾಡಿಕೊಂಡು ಆಮೇಲೆ ಬರೆಯುವಂತೆ ಮಾಡಿದಾಗ ತಪ್ಪುಗಳು ಇಳಿದವು. ಬರೆಯುವ ಮುಂಚೆ ಟಿಪ್ಪಣಿ ಹಾಕಿಕೊಳ್ಳಿ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದುದೂ ಇದನ್ನೇ.

ಕನ್ನಡಕ್ಕೆ ಬಂದರೆ ಇನ್ನೊಂದು ತೊಡಕು. ಇಂಗ್ಲಿಷಿನಲ್ಲಿ ಹೆಸರನ್ನು ಹಾಗೆಯೇ ಎತ್ತಿ ಇಟ್ಟರೆ ಬಹುಪಾಲು ಕೆಲಸ ಮುಗಿಯಿತು. ನಮ್ಮಲ್ಲಿ ಹೆಸರು ವಿಭಕ್ತಿಯಿಲ್ಲದೆ ನಿಲ್ಲುವುದು ಕಡಿಮೆ: ರಾಮನಿಗೆ, ಸೀತೆಗೆ, ಗುರುವಿಗೆ, ಮರಕ್ಕೆ. ನಾಲ್ಕೂ ಒಂದೇ ಚತುರ್ಥಿ, ರೂಪ ಮಾತ್ರ ನಾಲ್ಕು. ‘ಮೂರು ವಿಕೆಟ್’ ಸರಿ, ಆದರೆ ‘ಮೂರು ಆಟಗಾರ’ ಕಿವಿಗೆ ಚುಚ್ಚುತ್ತದೆ, ಅಲ್ಲಿ ಮೂವರು ಬೇಕು. ಎಲ್ಲರ ಹೆಸರಿನ ಮುಂದೆಯೂ ಒಂದು ‘ಅವರಿಗೆ’ ಸೇರಿಸಿ ಪಾರಾಗುವ ಮೊಬೈಲ್ ಸಂದೇಶಗಳನ್ನು ನಾವೆಲ್ಲ ದಿನವೂ ನೋಡುತ್ತೇವೆ.

ಲಿಂಗದ ವಿಷಯದಲ್ಲಂತೂ ಈ ಗೌರವವಾಚಕವೇ ಕೈ ಹಿಡಿಯುತ್ತದೆ. ಪಟ್ಟಿಯಲ್ಲಿ ಬರೀ ಹೆಸರಿದ್ದು ಗಂಡೋ ಹೆಣ್ಣೋ ತಿಳಿಯದಿದ್ದರೆ ‘ಹೊಡೆದನು’, ‘ಹೊಡೆದಳು’ ಎರಡೂ ಊಹೆಯೇ. ‘ಹೊಡೆದರು’ ಎಂದರೆ ಊಹಿಸುವ ಅಗತ್ಯವೇ ಬೀಳದು. ಇಂಥ ಆಯ್ಕೆಗಳನ್ನು ಯಂತ್ರ ಕಲಿಯಬೇಕಾದರೆ ಕನ್ನಡದ ಜೋಡಿಗಳು ಬೇಕು. 2022ರಲ್ಲಿ ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ತಂಡ ಹೊರತಂದ ‘ಎಕ್ಸ್‌ಅಲೈನ್’ ಸಂಗ್ರಹದಲ್ಲಿ ಇಂಗ್ಲಿಷ್ ಸಂಗತಿಗಳ ಎದುರು ಭಾರತೀಯ ಭಾಷೆಗಳ ವಾಕ್ಯಗಳಿವೆ, ಕನ್ನಡವೂ ಅವುಗಳಲ್ಲಿ ಒಂದು. ಅಲ್ಲಿ ನನಗೆ ಹಿಡಿಸಿದ್ದು ಸಂಗತಿ ಮತ್ತು ವಾಕ್ಯಗಳನ್ನು ಹೊಂದಿಸುವ ಆ ಕೆಲಸವೇ: ಈ ವಾಕ್ಯಕ್ಕೆ ಆಧಾರವಾದ ಸಂಗತಿ ಯಾವುದು ಎಂದು ಹುಡುಕಿ ಎದುರುಬದುರು ಕೂರಿಸುವುದು.