ಉದ್ದಕ್ಕೆ ಮೆತ್ತಗೆ, ಅಡ್ಡಕ್ಕೆ ಗಟ್ಟಿ

ಕಯನೈಟ್ ಅನ್ನೋ ನೀಲಿ ಕಲ್ಲು ಚಪ್ಪಟೆ ಪಟ್ಟಿಯ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಚಾಕುವಿನ ಮೊನೆಯಿಂದ ಅದರ ಉದ್ದಕ್ಕೆ ಗೀರಿ. ಗೆರೆ ಬೀಳುತ್ತದೆ. ಅದೇ ಮೈ, ಅದೇ ಚಾಕು, ಈಗ ಅಡ್ಡಕ್ಕೆ ಗೀರಿ. ಕಲ್ಲಿಗೆ ಏನೂ ಆಗುವುದಿಲ್ಲ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದು ಉದ್ದಕ್ಕೆ 4.5ರಿಂದ 5, ಅಡ್ಡಕ್ಕೆ 6.5ರಿಂದ 7. ದಿಕ್ಕಿಗೆ ತಕ್ಕಂತೆ ಗಡಸುತನ ಬದಲಾಗುವ ಹರಳುಗಳು ಬೇರೆಯೂ ಇವೆ. ಆದರೆ ಬರೀ ಚಾಕುವಿಗೇ ಗೊತ್ತಾಗುವಷ್ಟು ವ್ಯತ್ಯಾಸ ತುಂಬಾ ಅಪರೂಪ.

ಸೌದೆ ಸೀಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಾರಿನ ಗುಂಟ ಕೊಡಲಿ ಬಿದ್ದರೆ ಕಟ್ಟಿಗೆ ಎರಡಾಗುತ್ತದೆ, ಅಡ್ಡಕ್ಕೆ ಹೊಡೆದರೆ ಕೈ ನೋಯುತ್ತದೆ, ಅಲ್ವಾ? ಕಯನೈಟ್ ಒಂದು ಅಲ್ಯುಮಿನಿಯಂ ಸಿಲಿಕೇಟ್. ಅದರೊಳಗೆ ಅಲ್ಯುಮಿನಿಯಂ ಮತ್ತು ಆಮ್ಲಜನಕದ ಸರಪಳಿಗಳು ಹರಳಿನ ಉದ್ದಕ್ಕೇ ಸಾಗುತ್ತವೆ. ಅಡ್ಡಕ್ಕೆ ಗೀರಬೇಕೆಂದರೆ ಆ ಸರಪಳಿಗಳನ್ನೇ ಕಡಿಯಬೇಕು.

1789ರಲ್ಲಿ ಜರ್ಮನಿಯ ಅಬ್ರಹಾಂ ವರ್ನರ್ ಈ ಕಲ್ಲಿಗೆ ಹೆಸರಿಟ್ಟದ್ದು ಬಣ್ಣ ನೋಡಿ. ಗ್ರೀಕ್ ಭಾಷೆಯ ‘ಕ್ಯಾನೋಸ್’ ಅಂದರೆ ಕಡುನೀಲಿ. ನನಗೆ ಇದರ ಗಡಸುತನಕ್ಕಿಂತ ಬಣ್ಣವೇ ಹೆಚ್ಚು ಇಷ್ಟ. ತೆಳುವಾದ, ಬೆಳಕು ಹಾಯುವ ಚೂರನ್ನು ದೀಪಕ್ಕೆ ಹಿಡಿದು, ಪೋಲರೈಸ್ಡ್ ಕನ್ನಡಕದ ಗಾಜಿನ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಗಾಜು) ಮೂಲಕ ನೋಡುತ್ತಾ ಗಾಜನ್ನು ನಿಧಾನಕ್ಕೆ ತಿರುಗಿಸಿ. ಕಡುನೀಲಿ ಕರಗುತ್ತಾ ತಿಳಿಯಾಗುತ್ತದೆ, ಮತ್ತೆ ಗಾಢವಾಗುತ್ತದೆ. ಕಲ್ಲು ಅಲುಗಿಲ್ಲ. ಬೆಳಕಿನ ಕಂಪನದ ದಿಕ್ಕು ಬದಲಾದಂತೆ ಅದು ಹೀರಿಕೊಳ್ಳುವ ಬಣ್ಣ ಬದಲಾಯಿತು, ಅಷ್ಟೆ. ಈ ನೀಲಿಗೆ ಕಾರಣ ಹರಳಿನೊಳಗೆ ಚೂರೇ ಚೂರು ಬೆರೆತ ಕಬ್ಬಿಣ ಮತ್ತು ಟೈಟಾನಿಯಂ. ನೀಲಮಣಿಯ ನೀಲಿಯೂ ಇವೆರಡರಿಂದಲೇ ಬರುತ್ತದೆ. ಹಾಗಾಗಿ ಬರಿಗಣ್ಣಿಗೆ ಮೋಸ ಆಗಬಹುದು. ಬೆಳಕನ್ನು ಎಷ್ಟು ಬಾಗಿಸುತ್ತದೆ ಅಂತ ಅಳೆದರೆ ಗುಟ್ಟು ರಟ್ಟು: ವಕ್ರೀಭವನ ಸೂಚ್ಯಂಕ ಕಯನೈಟ್‌ಗೆ ಸುಮಾರು 1.72, ನೀಲಮಣಿಗೆ 1.76ಕ್ಕಿಂತ ಜಾಸ್ತಿ.

ಹರಳು ಕಡೆಯುವವರಿಗೆ ಮಾತ್ರ ಇದು ಕಷ್ಟದ ಕಲ್ಲು. ಒಂದು ಕಡೆ ಬೇಗ ಸವೆಯುತ್ತದೆ, ಇನ್ನೊಂದು ಕಡೆ ಜಗ್ಗುವುದಿಲ್ಲ, ನಡುವೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ.

ನಮ್ಮ ಹೊಳೆನರಸೀಪುರದ ಸುತ್ತಲಿನ ಶಿಸ್ಟ್ ಎಂಬ ಪದರು ಬಂಡೆಗಳಲ್ಲಿ ಕಯನೈಟ್ ಇದೆ. ಇದೇ ಧಾತುಗಳು, ಇದೇ ಲೆಕ್ಕದಲ್ಲಿ, ಕಡಿಮೆ ಒತ್ತಡದಲ್ಲಿ ಆಂಡಲುಸೈಟ್ ಆಗುತ್ತವೆ, ಶಾಖ ತುಂಬಾ ಏರಿದರೆ ಸಿಲಿಮನೈಟ್ ಆಗುತ್ತವೆ. ಮೂರರಲ್ಲಿ ಒತ್ತೊತ್ತಾಗಿ ಕೂತದ್ದು ಕಯನೈಟ್. ನೀರಿಗಿಂತ ಸುಮಾರು 3.6 ಪಟ್ಟು ಭಾರ. ಇಷ್ಟು ಒತ್ತಾಗಿ ಕೂರಲು ಭಾರೀ ಒತ್ತಡ ಬೇಕು. ಅಂದರೆ ಹೊಳೆನರಸೀಪುರದ ಬಂಡೆ ಒಂದು ಕಾಲಕ್ಕೆ ಮೈಲಿಗಟ್ಟಲೆ ಆಳದಲ್ಲಿ ಹಿಂಡಿಸಿಕೊಂಡು, ಮತ್ತೆ ಮೇಲೆ ಬಂದಿದೆ.