ಮಗು ಯಾರನ್ನ ಹಚ್ಕೊಳ್ಳತ್ತೆ?

ನನ್ನ ತಂಗಿ ಬಂಗಾರಪೇಟೆಯಿಂದ ದಿನಾ ಬೆಳಗ್ಗೆ ಟ್ರೈನ್ ಹಿಡ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾಳೆ, ಮಗನಿಗೀಗ ಹತ್ತು ತಿಂಗಳು, ಹಗಲೆಲ್ಲಾ ಅವನು ಅಜ್ಜಿ ಸೊಂಟದ ಮೇಲೆ. ಇವಳು ಚಪ್ಪಲಿ ಮೆಟ್ಟೋ ಸದ್ದಾದ್ರೆ ಸಾಕು, ಬೀದಿಗೆಲ್ಲಾ ಕೇಳೋ ಹಾಗೆ ರಾಗ ತೆಗೀತಾನೆ. ಅಕ್ಕಪಕ್ಕದೋರು ಸುಮ್ನಿರ್ತಾರಾ? "ಅಜ್ಜೀನೇ ಹಚ್ಕೊಂಡುಬಿಟ್ಟಿದೆ, ನಾಳೆ ನೀನ್ಯಾರು ಅಂತ ಕೇಳತ್ತೆ ನೋಡು" ಅಂತ ಒಬ್ರು, "ಅಮ್ಮ ಅಂತ ಇಷ್ಟೊಂದು ಅತ್ರೆ ಹೆಂಗಮ್ಮ" ಅಂತ ಇನ್ನೊಬ್ರು. ಮರೆತಿರೋ ಅಮ್ಮನಿಗಾಗಿ ಯಾರಾದ್ರೂ ಅಳ್ತಾರಾ ಅಂತ ಯಾರೂ ಯೋಚ್ನೆ ಮಾಡಲ್ಲ.

ಈ "ಹಚ್ಕೊಳ್ಳೋದು" ಇದ್ಯಲ್ಲ, ಇದನ್ನೇ ಸೈಕಾಲಜಿಲಿ ಅಟ್ಯಾಚ್‌ಮೆಂಟ್ ಅಂತಾರೆ, ನಮ್ಮ ಪದಾನೇ ಚೆನ್ನಾಗಿದೆ ಅನ್ಸತ್ತೆ ನನಗೆ. ಹಿಂದೆ ತುಂಬಾ ಜನ ಹಾಲು ಕೊಡೋರನ್ನೇ ಮಗು ಹಚ್ಕೊಳ್ಳತ್ತೆ ಅಂದ್ಕೊಂಡಿದ್ರು. ಅಮೆರಿಕಾದ ಸೈಕಾಲಜಿಸ್ಟ್ ಹ್ಯಾರಿ ಹಾರ್ಲೋ ಕೋತಿಮರಿಗಳನ್ನ ತಾಯಿಯಿಂದ ಬೇರೆ ಮಾಡಿ ಎರಡು ಗೊಂಬೆ ಅಮ್ಮಂದಿರನ್ನ ಇಟ್ಟ, ಒಂದು ಬರೀ ತಂತಿದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು. ಹಾಲಿನ ಬಾಟ್ಲಿ ತಂತಿ ಅಮ್ಮನ ಹತ್ರ ಇದ್ರೂ ಮರಿಗಳು ಅಲ್ಲಿ ಕುಡಿದು ಓಡಿ ಬಂದು ಬಟ್ಟೆ ಅಮ್ಮನ್ನೇ ತಬ್ಬಿಕೊಂಡು ಕೂರ್ತಿದ್ವು. 1958ರಲ್ಲಿ ಇದನ್ನ ಬರೆದ. ಕ್ರೂರವಾದ ಪ್ರಯೋಗ, ಓದುವಾಗ ಹೊಟ್ಟೆ ಕಿವುಚತ್ತೆ, ಆದ್ರೆ ಹಾಲಿನ ಲೆಕ್ಕಾಚಾರ ಅಲ್ಲಿಗೆ ಮುಗೀತು.

ಹತ್ತು ತಿಂಗಳಿಗೇ ಯಾಕೆ ಈ ಗಲಾಟೆ? ಮೂರು ತಿಂಗಳಲ್ಲಿ ಇದೇ ಹುಡುಗ ಯಾರೆತ್ಕೊಂಡ್ರೂ ನಗ್ತಿದ್ದ. ಏಳೆಂಟು ತಿಂಗಳ ಹೊತ್ತಿಗೆ ಕಣ್ಣಿಗೆ ಕಾಣದೇ ಇರೋದೂ ಎಲ್ಲೋ ಇದೆ ಅಂತ ಮಗುಗೆ ಹೊಳಿಯೋಕೆ ಶುರುವಾಗತ್ತೆ, ಅಮ್ಮ ಬಾಗಿಲು ದಾಟಿದ್ರೆ ಇಲ್ಲವಾಗಲಿಲ್ಲ, ಹೋದಳು ಅಂತ. ಸುಮಾರು ಅದೇ ಸಮಯಕ್ಕೆ ಅಂಬೆಗಾಲೂ ಬರತ್ತೆ. ಅಂಬೆಗಾಲಿಡೋ ಪ್ರಾಣಿ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು, ಅದನ್ನ ವಾಪಸ್ ಎಳೆಯೋಕೆ ಒಂದು ಹಗ್ಗ ಬೇಕಲ್ಲ, ಆ ಹಗ್ಗಾನೇ ಈ ನಂಟು, ಮರೀನ ಅಪಾಯದಿಂದ ಕಾಯೋಕೇ ಇದು ಬೆಳೆದು ಬಂದಿದೆ ಅಂತ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದು.

ಆದ್ರೆ ಹಗ್ಗ ಒಂದೇ ಇರಬೇಕು ಅಂತೇನಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಶಾಫರ್ ಮತ್ತು ಎಮರ್ಸನ್ ಅನ್ನೋ ಇಬ್ರು ಸಂಶೋಧಕರು 60 ಕೂಸುಗಳ ಮನೆಗೇ ಹೋಗಿ ನೋಡ್ತಾ ಬಂದ್ರು, 1964ರಲ್ಲಿ ಪ್ರಕಟ ಮಾಡಿದ್ರು. ಒಂದೂವರೆ ವರ್ಷಕ್ಕೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನ ಹಚ್ಕೊಂಡಿದ್ವು, ಅಪ್ಪ, ಅಜ್ಜಿ, ಅಕ್ಕ ಹೀಗೆ. ಎಷ್ಟು ಹೊತ್ತು ಜೊತೆಗಿದ್ರು ಅನ್ನೋದಕ್ಕಿಂತ ಅತ್ತಾಗ ಬಂದು ನೋಡ್ತಿದ್ರಾ, ಜೊತೆ ಆಟ ಆಡ್ತಿದ್ರಾ ಅನ್ನೋದೇ ಮುಖ್ಯ ಆಗಿತ್ತು. ಅಜ್ಜಿಗೆ ಸೇರಿದ್ದನ್ನ ಅಮ್ಮನ ಪಾಲಿಂದ ಕಳೆಯೋ ಲೆಕ್ಕ ಅಲ್ಲ ಇದು.

ಇನ್ನು ಅಳು. ಮೇರಿ ಐನ್ಸ್‌ವರ್ತ್ ಅನ್ನೋ ವಿಜ್ಞಾನಿ 1950ರ ದಶಕದಲ್ಲಿ ಉಗಾಂಡಾದ ಹಳ್ಳಿಮನೆಗಳಲ್ಲಿ ತಾಯಿಮಕ್ಕಳನ್ನ ನೋಡಿ, ಆಮೇಲೆ ಅಮೆರಿಕಾದ ಬಾಲ್ಟಿಮೋರಲ್ಲಿ ಒಂದು ಪರೀಕ್ಷೆ ಮಾಡಿದ್ರು. ಆಟಿಕೆ ತುಂಬಿದ ರೂಮು, ಒಬ್ಬ ಅಪರಿಚಿತೆ, ಅಮ್ಮ ಕೆಲವು ನಿಮಿಷ ಹೊರಗೆ ಹೋಗಿ ಬರ್ತಾಳೆ. ಅವರು ಮುಖ್ಯವಾಗಿ ನೋಡಿದ್ದು ಎಷ್ಟು ಅತ್ತಿತು ಅಂತಲ್ಲ, ಅಮ್ಮ ವಾಪಸ್ ಬಂದಾಗ ಏನು ಮಾಡಿತು ಅಂತ. ಹತ್ರ ಬಂದು ಸಮಾಧಾನ ಆಗಿ ಮತ್ತೆ ಆಟಕ್ಕೆ ಹೋದ್ರೆ ನಂಟು ಗಟ್ಟಿ. ಅಮ್ಮ ಬಂದ್ರೂ ಬರದಿದ್ರೂ ಒಂದೇ ಅನ್ನೋ ಹಾಗಿರೋ ಮಕ್ಕಳೂ ಇದ್ವು, ತಬ್ಬಿಕೊಂಡೂ ಒದ್ದಾಡೋವೂ ಇದ್ವು. ಜಪಾನಲ್ಲಿ ಇದೇ ಪರೀಕ್ಷೆ ಮಾಡಿದಾಗ ಕೂಸುಗಳು ವಿಪರೀತ ಅತ್ವು, ಆಗ ಅಲ್ಲಿ ಅಮ್ಮ ಮಗುನ ಬಿಟ್ಟು ಹೋಗೋದೇ ಅಪರೂಪ ಆಗಿತ್ತು ನೋಡಿ. ದಿನಕ್ಕೆ ನಾಲ್ಕು ಮನೆ ಸುತ್ತಿ ಬರೋ ನಮ್ಮ ಬೀದಿ ಮಕ್ಕಳನ್ನ ಆ ರೂಮಲ್ಲಿ ಬಿಟ್ರೆ ಅಪರಿಚಿತೆ ಹತ್ರಾನೇ ಬಿಸ್ಕೆಟ್ ಕೇಳ್ತಾವೇನೋ.

ಇದನ್ನೆಲ್ಲಾ ತಂಗಿಗೆ ಹೇಳಿದ್ದೀನಿ, ಆದ್ರೂ ಬೆಳಗ್ಗೆ ಕಣ್ಣೊರೆಸ್ಕೊಂಡೇ ಸ್ಟೇಷನ್ನಿಗೆ ಹೋಗ್ತಾಳೆ. ಸಂಜೆ ಅವಳು ಬಂದ ತಕ್ಷಣ ಇವನು ಮೊದ್ಲು ಅಜ್ಜಿ ಹೆಗಲಿಗೆ ಮುಖ ಮುಚ್ಕೋತಾನೆ, ಆಮೇಲೆ ಒಮ್ಮೆಲೇ ಅಮ್ಮನ ಕಡೆ ಜಿಗೀತಾನೆ, ಎರಡು ನಿಮಿಷ ಬಿಕ್ಕಿ, ಅವಳ ಐಡಿ ಕಾರ್ಡ್ ದಾರ ಬಾಯಿಗೆ ಹಾಕ್ಕೊಂಡು ಚೀಪ್ತಾ ಅಲ್ಲಿಂದಲೇ ಅಜ್ಜಿ ಕಡೆ ನೋಡಿ ನಗ್ತಾನೆ.