ಕೊಲೆಗಾರ ಯಾರು ಅಂತ ರೊಟ್ಟಿ ಬಡಿಯುವಾಕೆಗೆ ಗೊತ್ತು

‘ಹಗಲೆಲ್ಲ ವಿಷ ಹುಡುಕಿ ರಾತ್ರಿ ಮತ್ತೆ ವಿಷದ ಕತೆ ಓದ್ತೀರಲ್ಲ ಮೇಡಂ, ಬೇಜಾರಾಗಲ್ವಾ?’ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಕಿರಿಯರು ಹೀಗೆ ಕೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಕಲಬುರಗಿಯ ನೆರೆಮನೆಯವರೂ ಕೇಳುತ್ತಾರೆ. ಇಲ್ಲ, ಆಗಲ್ಲ. ನಾನು ಓದುವುದು ಬೇರೆ ಬಗೆಯ ಪತ್ತೇದಾರಿ. ಕೋಜಿ ಮಿಸ್ಟರಿ ಅಂತಾರೆ. ಒಂದು ಸಣ್ಣ ಊರು, ಬೇಕರಿಯನ್ನೋ ಖಾನಾವಳಿಯನ್ನೋ ನಡೆಸುವ ಹೆಂಗಸು, ಒಂದು ಸಾವು, ಲೆಕ್ಕವಿಲ್ಲದಷ್ಟು ಚಹಾ. ರಕ್ತ ಕಾಣಿಸುವುದಿಲ್ಲ. ಹೆಣ ಬೇಗನೆ ಮರೆಗೆ ಸರಿಯುತ್ತದೆ. ಆಮೇಲೆ ಊರೆಲ್ಲ ಉಣ್ಣುತ್ತದೆ, ಮಾತಾಡುತ್ತದೆ. ನಡುನಡುವೆ ಅಡುಗೆ ಮಾಡುವ ಕ್ರಮವೂ ಬರುತ್ತದೆ.

ಈ ಬಗೆಯ ಬೇರು ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿಯಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದವರು. ವಿಷಗಳ ಪರಿಚಯ ಆದದ್ದು ಅಲ್ಲೇ. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲೇ ವಿಷಪ್ರಾಶನವಿದೆ. ಅಡುಗೆಮನೆಯನ್ನು ಕತೆಯ ನಡುಮಧ್ಯಕ್ಕೆ ತಂದವರು ಅಮೆರಿಕದವರು. 1982ರಲ್ಲಿ ವರ್ಜೀನಿಯಾ ರಿಚ್, 1990ರಲ್ಲಿ ಡಯಾನ್ ಮಾಟ್ ಡೇವಿಡ್‌ಸನ್. ಡೇವಿಡ್‌ಸನ್ ಅವರ ನಾಯಕಿ ಕೊಲರಾಡೊದ ಸಣ್ಣ ಊರೊಂದರಲ್ಲಿ ಮದುವೆ ಮುಂಜಿಗೆ ಅಡುಗೆ ಒಪ್ಪಿಕೊಳ್ಳುವಾಕೆ. ಇಂಥ ಕತೆಗಳಿಗೆ ಅಮೆರಿಕದಲ್ಲಿ ಕ್ರಿಸ್ಟಿಯ ಹೆಸರಿನದೇ ಪ್ರಶಸ್ತಿ ಇದೆ. ಗೆದ್ದವರಿಗೆ ಕೊಡುವುದು ಟೀಪಾಟ್!

ಅಡುಗೆಯವಳೇ ಏಕೆ ಪತ್ತೇದಾರಳಾಗಬೇಕು? ನನ್ನ ಕೆಲಸದಿಂದಲೇ ಹೇಳುತ್ತೇನೆ. ನಮ್ಮ ಲ್ಯಾಬಿಗೆ ಪೊಲೀಸರು ಸೀಲು ಹಾಕಿದ ಜಾಡಿಗಳನ್ನು ತರುತ್ತಾರೆ. ಹೊಟ್ಟೆಯ ಭಾಗ, ಯಕೃತ್ತು, ಮೂತ್ರಪಿಂಡ, ಎಲ್ಲವೂ ಉಪ್ಪಿನ ನೀರಿನಲ್ಲಿ. ಸೀಲು ಸರಿಯಿದೆಯಾ ನೋಡುತ್ತೇವೆ, ಪರೀಕ್ಷೆ ಮಾಡುತ್ತೇವೆ, ವರದಿ ಬರೆಯುತ್ತೇವೆ. ಇಂಥ ವಿಷ ಇದೆ, ಇಲ್ಲವೇ ಯಾವ ವಿಷವೂ ಇಲ್ಲ. ಅಷ್ಟೇ. ಯಾರು ಹಾಕಿದರು, ಏಕೆ ಹಾಕಿದರು, ಆ ದಿನ ಮನೆಯಲ್ಲಿ ಏನು ಸಾರು, ಯಾವುದೂ ನಮಗೆ ತಿಳಿಯುವುದಿಲ್ಲ. ಎಷ್ಟೋ ಜಾಡಿಗಳ ಹಿಂದೆ ರಹಸ್ಯವೇ ಇರುವುದಿಲ್ಲ. ಸಾಲ, ಜಗಳ, ಹೊಲಕ್ಕೆ ತಂದಿಟ್ಟ ಕೀಟನಾಶಕ. ವರದಿ ಕಳಿಸಿದ ಮೇಲೆ ಕೇಸು ಏನಾಯಿತು ಅಂತಲೂ ಹೆಚ್ಚಿನ ಸಲ ಗೊತ್ತಾಗುವುದಿಲ್ಲ. ಕತೆಯಲ್ಲಿ ಗೊತ್ತಾಗುತ್ತದೆ. ನನಗೆ ಆ ಪುಸ್ತಕಗಳು ಹಿಡಿಸಲು ಅರ್ಧ ಕಾರಣ ಅದು.

ಉಳಿದರ್ಧ ನಮ್ಮ ಬಡಾವಣೆಯ ರೊಟ್ಟಿ ಅಕ್ಕನನ್ನು ನೋಡಿದರೆ ಅರ್ಥವಾಗುತ್ತದೆ. ಕಲಬುರಗಿಯಲ್ಲಿ ಈಗ ಎಷ್ಟೋ ಮನೆಗಳಿಗೆ ಜೋಳದ ರೊಟ್ಟಿ ಹೊರಗಿನಿಂದಲೇ ಬರುತ್ತದೆ. ಬಡಿದು ಕೊಡುವಾಕೆಯ ಬಳಿ ವಹಿ ಇರುವುದಿಲ್ಲ, ಎಲ್ಲವೂ ತಲೆಯಲ್ಲಿ. ‘ಆ ಮೂಲಿ ಮನ್ಯಾಗ ಯಾರೋ ಬಂದಾರ ನೋಡ್ರಿ. ಎರಡ ದಿನ ಆತು, ಹತ್ತ ರೊಟ್ಟಿ ಜಾಸ್ತಿ ಒಯ್ಲತ್ತಾರ’ ಅಂತ ಬಡಿಯುತ್ತಲೇ ಹೇಳುತ್ತಾಳೆ. ಖಡಕ್ ರೊಟ್ಟಿ ಕೇಳಿದರೆ ಯಾರೋ ದೂರ ಹೊರಟಿದ್ದಾರೆ, ಅದು ವಾರಗಟ್ಟಲೆ ಕೆಡುವುದಿಲ್ಲ. ಮೆತ್ತನೆಯ ರೊಟ್ಟಿ ಕೇಳಿದರೆ ಇವತ್ತೇ ಉಣ್ಣುವವರು, ಇಲ್ಲವೇ ಹಲ್ಲಿಲ್ಲದ ಹಿರಿಯರು. ಗಂಡ ಪುಣೆಗೆ ಹೋಗಿದ್ದಾನೆ ಅಂದ ಮನೆಯಿಂದ ರೊಟ್ಟಿಯ ಲೆಕ್ಕ ಒಂದೂ ಇಳಿಯದಿದ್ದರೆ? ನನ್ನ ಯಂತ್ರಗಳಿಗೆ ಇದು ಸಿಗುವ ಸುಳಿವಲ್ಲ. ಪೊಲೀಸರು ಬಂದರೆ ಬಾಗಿಲು ಮುಚ್ಚುವ ಮನೆಯವರು ರೊಟ್ಟಿ ಕಟ್ಟು ತಂದವಳನ್ನು ಒಲೆಯ ತನಕ ಕರೆಯುತ್ತಾರೆ. ಲೇಖಕರು ಆಕೆಯನ್ನೇ ಆರಿಸಿಕೊಳ್ಳುವುದು ಇದಕ್ಕೇ.

ಕಣ್ಣಿನ ಅನುಭವವೂ ಸಣ್ಣದಲ್ಲ. ದತ್ತೂರಿ ಬೀಜಕ್ಕೂ ಒಣಮೆಣಸಿನಕಾಯಿ ಬೀಜಕ್ಕೂ ಇರುವ ವ್ಯತ್ಯಾಸವನ್ನು ಭಾರತದ ನ್ಯಾಯವೈದ್ಯಕೀಯ ಪುಸ್ತಕಗಳು ಪಟ್ಟಿ ಹಾಕಿ ಕಲಿಸುತ್ತವೆ. ಪ್ರಯಾಣಿಕರಿಗೆ ದತ್ತೂರಿ ತಿನ್ನಿಸಿ ದೋಚುವುದು ನಮ್ಮಲ್ಲಿ ಹಳೆಯ ಕಸುಬು. ಮೆಣಸಿನ ಬೀಜ ತೆಳ್ಳಗೆ, ನುಣ್ಣಗೆ, ತಿಳಿಹಳದಿ. ದತ್ತೂರಿಯದು ದಪ್ಪ, ಕಂದು, ಮೈತುಂಬ ಸಣ್ಣ ಸಣ್ಣ ಕುಳಿ. ಸೀಳಿದರೆ ಮೆಣಸಿನ ಬೀಜದ ಮೊಳಕೆ ಇಂಗ್ಲಿಷಿನ 6ರ ಹಾಗೆ ಒಳಕ್ಕೆ ಸುತ್ತಿರುತ್ತದೆ, ದತ್ತೂರಿಯದು ಹೊರಕ್ಕೆ ಬಾಗಿರುತ್ತದೆ. ನಾವು ಇದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಲಿತೆವು. ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುವ ಹೆಂಗಸಿನ ಮುಂದೆ ಆ ಬೀಜ ಹರವಿ ನೋಡಿ, ಬೆರಳಲ್ಲೇ ಹೆಕ್ಕಿ ಆಚೆ ಹಾಕುತ್ತಾಳೆ.

ಹಾಗಾದರೆ ನಮ್ಮ ಕಡೆ ಇಂಥ ಕತೆ ಬರೆಯಬಹುದಾ? ಎಳ್ಳು ಅಮಾವಾಸ್ಯೆಗಿಂತ ಒಳ್ಳೆಯ ಸಂದರ್ಭ ಬೇಕಾ! ಕಲಬುರಗಿ, ಬೀದರ್, ಯಾದಗಿರಿ ಕಡೆ ಅವತ್ತು ಜನ ಹೊಲದಲ್ಲಿರುತ್ತಾರೆ. ಚರಗ ಚೆಲ್ಲಿ, ಅಂದರೆ ಎಡೆಯ ಅಡುಗೆಯನ್ನು ಹೊಲಕ್ಕೆ ಎರಚಿ, ಅಲ್ಲೇ ಊಟಕ್ಕೆ ಕೂರುತ್ತಾರೆ. ಸಜ್ಜಿ ರೊಟ್ಟಿ, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿದ ಭಜ್ಜಿ, ಶೇಂಗಾ ಹೋಳಿಗೆ. ನೆಂಟರು, ಸ್ನೇಹಿತರು, ಅವರ ಜೊತೆ ಬಂದ ಗುರುತಿಲ್ಲದವರು, ಎಲ್ಲರಿಗೂ ಊಟ. ಭಜ್ಜಿಯಲ್ಲಿ ಇಂಥದ್ದಿಲ್ಲ ಅನ್ನುವಂತಿಲ್ಲ, ಹೆಚ್ಚಿಗೆ ಒಂದು ಸೊಪ್ಪು ಬಿದ್ದರೂ ಯಾರಿಗೂ ಗೊತ್ತಾಗದು.

ಆದರೆ ಇಂಗ್ಲಿಷ್ ಲೇಖಕರಿಗಿರುವ ಒಂದು ಸಲೀಸು ನಮಗಿಲ್ಲ. ಅವರ ಊರಿನಲ್ಲಿ ಯಾರು ಬೇಕಾದರೂ ಬೇಕರಿಗೆ ಬಂದು ಕೂತು ತಿನ್ನುತ್ತಾರೆ. ನಮ್ಮ ಹಳ್ಳಿಯಲ್ಲಿ ಯಾರು ಯಾರ ಮನೆಯಲ್ಲಿ ಉಣ್ಣುವುದಿಲ್ಲ ಅನ್ನುವುದು ಇವತ್ತಿಗೂ ಎಲ್ಲರಿಗೂ ಗೊತ್ತು. ಆಚೆ ಕೂತು ಉಂಡವರು ಯಾರು, ಬೇರೆ ತಟ್ಟೆ ಯಾರಿಗೆ, ನೀರು ಮೇಲಿಂದ ಹೊಯ್ದದ್ದು ಯಾರ ಬೊಗಸೆಗೆ. ಕನ್ನಡದ ಕತೆ ಇದನ್ನು ಮುಚ್ಚಿಟ್ಟು ಸುಮ್ನೆ ಹೋಳಿಗೆಯ ಘಮಘಮ ಬರೆದರೆ ಅದು ಸುಳ್ಳು ಊರು. ಮುಚ್ಚಿಡದೆ ಬರೆದರೆ ಕತೆ ಮನಸ್ಸಿಗೆ ಅಷ್ಟು ಬೆಚ್ಚಗೆ ಉಳಿಯಲಿಕ್ಕಿಲ್ಲ. ನನಗೇನೋ ಬರೆಯಲಿ ಅನ್ನಿಸುತ್ತದೆ. ಒಂದೇ ಪಾತ್ರೆಯ ಊಟದಲ್ಲಿ ಒಬ್ಬನೇ ಸತ್ತರೆ, ಬೇರೆ ತಟ್ಟೆಯೇ ಮೊದಲ ಸಾಕ್ಷಿ.

ಬರೆಯುವವರಿಗೆ ಒಂದು ಮಾತು. ಸಿನಿಮಾದ ಹಾಗೆ ತುತ್ತು ಬಾಯಿಗಿಟ್ಟ ತಕ್ಷಣ ಬೀಳಿಸಬೇಡಿ. ಪಾಷಾಣವನ್ನೇ, ಅಂದರೆ ಆರ್ಸೆನಿಕ್ಕನ್ನೇ ತೆಗೆದುಕೊಳ್ಳಿ. ಅದಕ್ಕೆ ರುಚಿ ಇಲ್ಲ ಅನ್ನಬಹುದು. ಸ್ವಲ್ಪ ಹೊತ್ತಿನ ನಂತರ ವಾಂತಿ, ಭೇದಿ, ನೋಡಿದರೆ ಕಾಲರಾ ಇದ್ದ ಹಾಗೆ. 1836ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಜೇಮ್ಸ್ ಮಾರ್ಷ್ ಅದನ್ನು ಪತ್ತೆ ಹಚ್ಚುವ, ನಂಬುವಂಥ ಪರೀಕ್ಷೆಯನ್ನು ಪ್ರಕಟಿಸುವ ತನಕ ಅದನ್ನು ಹಾಕಿದ ಎಷ್ಟೋ ಜನ ತಪ್ಪಿಸಿಕೊಂಡದ್ದು ಇದರಿಂದಲೇ. ಊಟಕ್ಕೂ ನರಳಾಟಕ್ಕೂ ನಡುವೆ ಸಿಗುವ ಆ ಹೊತ್ತಿನಲ್ಲೇ ನಿಮ್ಮ ಕತೆ ಇದೆ. ಅದೇ ಊಟ ಮಾಡಿದ ಉಳಿದವರು ಹೇಗಿದ್ದಾರೆ? ಮಿಕ್ಕಿದ್ದನ್ನು ನಾಯಿಗೆ ಹಾಕಿದರಾ? ನಿಮ್ಮ ರೊಟ್ಟಿ ಅಕ್ಕನಿಗೆ ಇನ್ನೊಂದನ್ನೂ ಕೇಳಲು ಹೇಳಿ: ಅವತ್ತು ಎಂದೂ ಇಲ್ಲದ ಹಾಗೆ ಅಷ್ಟು ಅವಸರದಲ್ಲಿ ಪಾತ್ರೆ ತಿಕ್ಕಿಟ್ಟವರು ಯಾರು?